ಪನ್ನೀರಿನ ಬಟ್ಟಿಯಿಂದ ರೌಲ್ಟನ ನಿಯಮದವರೆಗೆ



ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುವವರಿಗೆ ರಸಾಯನಶಾಸ್ತ್ರದ 'ದ್ರಾವಣಗಳು' ಪಾಠ ಗೊತ್ತೇ ಇದೆ. ಆವಿಯೊತ್ತಡ, ಹೆನ್ರಿಯ ನಿಯಮ, ರೌಲ್ಟನ ನಿಯಮ, ಅಜಿಯೋಟ್ರೋಪ್. ಸೂತ್ರ ಬಾಯಿಪಾಠ ಮಾಡಿ, ಒಂದೆರಡು ಲೆಕ್ಕ ಬಿಡಿಸಿ, ಪರೀಕ್ಷೆ ಮುಗಿದ ಮರುದಿನ ಮರೆತುಬಿಡುವ ಪಾಠಗಳಲ್ಲಿ ಇದೂ ಒಂದು. ಅದೇ ವಿದ್ಯಾರ್ಥಿಗಳು ನಮ್ಮ ಪ್ರತಿಭಾ ಪುರಸ್ಕಾರ ಸಮಾರಂಭಗಳಲ್ಲಿ ಕುಳಿತು, "ರಸಾಯನಶಾಸ್ತ್ರದ ಪಿತಾಮಹ ಜಾಬಿರ್ ಇಬ್ನ್ ಹಯ್ಯಾನ್" ಎಂದು ವೇದಿಕೆಯಿಂದ ಕೇಳಿಬಂದಾಗ ಜೋರಾಗಿ ಚಪ್ಪಾಳೆಯನ್ನೂ ತಟ್ಟುತ್ತಾರೆ. ತರಗತಿಯಲ್ಲಿ ಬೇಸರ ಹುಟ್ಟಿಸುವ ಆ ಪಾಠ ಮತ್ತು ವೇದಿಕೆಯಲ್ಲಿ ಹೆಮ್ಮೆ ಹುಟ್ಟಿಸುವ ಈ ಹೆಸರು, ಎರಡೂ ಒಂದೇ ಕಥೆಯ ಎರಡು ತುದಿಗಳು. ನಡುವಿನ ಭಾಗವನ್ನು ಯಾರೂ ನಮಗೆ ಹೇಳುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿಯಿಂದ ಚಿಮುಕಿಸುವ ನಾಲ್ಕು ಹನಿ ಪನ್ನೀರಿನಲ್ಲಿ ಆ ಇಡೀ ಕಥೆ ಅಡಗಿದೆ ಎಂದರೆ ನೀವು ನಂಬುತ್ತೀರಾ?

ಮೊದಲು ಮೂಲ ವಿಷಯವನ್ನು ತಿಳಿದುಕೊಳ್ಳೋಣ. ಒಂದು ಬಾಟಲಿಯಲ್ಲಿ ಅರ್ಧ ನೀರು ತುಂಬಿಸಿ ಮುಚ್ಚಳ ಬಿಗಿದಿಡಿ. ನೀರಿನ ಮೇಲ್ಮೈಯಿಂದ ಕೆಲವು ಅಣುಗಳು ಸದಾ ಹಾರಿ ಮೇಲಕ್ಕೆ ಹೋಗುತ್ತಿರುತ್ತವೆ. ಮೇಲೆ ಹೋದವುಗಳಲ್ಲಿ ಕೆಲವು ಮತ್ತೆ ಕೆಳಗೆ ಬಂದು ನೀರಿಗೆ ಸೇರುತ್ತವೆ. ಆರಂಭದಲ್ಲಿ ಹೋಗುವವು ಹೆಚ್ಚು, ಬರುವವು ಕಡಿಮೆ. ಸ್ವಲ್ಪ ಹೊತ್ತಿನಲ್ಲಿ ಹೋಗುವವು ಮತ್ತು ಬರುವವು ಸಮ ಸಮವಾಗುತ್ತವೆ. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ, ಒಳಗೆ ಮಾತ್ರ ಹೋಗಿಬರುವುದು ನಿಂತೇ ಇಲ್ಲ. ಇದನ್ನೇ ಆವಿ ಮತ್ತು ದ್ರವದ ಸಮತೋಲನ ಎನ್ನುತ್ತಾರೆ. ಆಗ ಆವಿ ಪಾತ್ರೆಯ ಗೋಡೆಗೆ ಕೊಡುವ ಒತ್ತಡವೇ ಆವಿಯೊತ್ತಡ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಇದು ಸುಮಾರು 32 ಮಿಲಿಮೀಟರ್ ಪಾದರಸದಷ್ಟು. ಬಿಸಿ ಹೆಚ್ಚಾದಂತೆ ಈ ಒತ್ತಡ ಭರದಿಂದ ಏರುತ್ತದೆ, 100 ಡಿಗ್ರಿಗೆ ಬಂದಾಗ 760 ಮಿಲಿಮೀಟರ್ ಆಗುತ್ತದೆ. ಅಂದರೆ ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮ. ಕುದಿಯುವುದು ಎಂದರೆ ಇಷ್ಟೇ: ಒಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸರಿಗಟ್ಟುವುದು. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಏಕೆಂದರೆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಕುಕ್ಕರಿನೊಳಗೆ ಒತ್ತಡ ಹೆಚ್ಚಿಸಿದರೆ 120 ಡಿಗ್ರಿಯವರೆಗೂ ನೀರು ನೀರಾಗಿಯೇ ಉಳಿಯುತ್ತದೆ, ಮಾಂಸ ಬೇಗ ಬೇಯುತ್ತದೆ. ನಮ್ಮ ತಾಯಂದಿರು ದಿನಾ ಮಾಡುವ ಪ್ರಯೋಗವಿದು.

ಇಲ್ಲಿಯವರೆಗೆ ನಾವು ಹೇಳಿದ್ದು ಒಂದೇ ದ್ರವದ ವಿಷಯ. ಎರಡು ದ್ರವಗಳು ಬೆರೆತಿದ್ದರೆ ಏನಾಗುತ್ತದೆ? ಅಲ್ಲಿಂದಲೇ ಇತಿಹಾಸ ಶುರುವಾಗುವುದು.

ಅಲ್ ಅಂಬೀಕ್

ಬಟ್ಟಿ ಇಳಿಸುವ ಪಾತ್ರೆಗೆ ಇಂಗ್ಲಿಷಿನಲ್ಲಿ 'ಅಲೆಂಬಿಕ್' ಎಂಬ ಹೆಸರಿದೆ. ಇದು ಅರಬಿಯ 'ಅಲ್ ಅಂಬೀಕ್'. ನಮ್ಮ ಭಾಷಣಕಾರರು ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ 'ಅಂಬೀಕ್' ಎಂಬುದು ಗ್ರೀಕ್ ಭಾಷೆಯ 'ಅಂಬಿಕ್ಸ್'ನಿಂದ ಅರಬಿಗೆ ಬಂದ ಪದ. ಕ್ರಿ.ಶ. 300ರ ಸುಮಾರಿನಲ್ಲಿ ಈಜಿಪ್ಟಿನಲ್ಲಿದ್ದ ಝೋಸಿಮಸ್ ಎಂಬ ಗ್ರೀಕ್ ರಸವಾದಿ ಬಟ್ಟಿ ಪಾತ್ರೆಗಳನ್ನು ವಿವರಿಸಿದ್ದಾನೆ. ತನಗಿಂತ ಹಿಂದಿನವಳಾದ ಮರಿಯಾ ಎಂಬ ಯಹೂದಿ ಮಹಿಳೆಯಿಂದ ಈ ವಿದ್ಯೆ ಬಂತೆಂದೂ ಬರೆದಿದ್ದಾನೆ. ಆದ್ದರಿಂದ ಬಟ್ಟಿ ಇಳಿಸುವುದನ್ನು ಮುಸ್ಲಿಮರೇ ಕಂಡುಹಿಡಿದರು ಎಂಬ ಮಾತು ಸರಿಯಲ್ಲ. ಹಾಗಾದರೆ ಮುಸ್ಲಿಮರು ಮಾಡಿದ್ದೇನು? ಕೆಲವೇ ಜನರ ಗುಪ್ತ ವಿದ್ಯೆಯಾಗಿದ್ದದ್ದನ್ನು ಅವರು ಊರೂರಿನ ಕಸುಬನ್ನಾಗಿ ಮಾಡಿದರು, ಅಳತೆ ಸಹಿತ ಬರೆದಿಟ್ಟರು, ವ್ಯಾಪಾರಕ್ಕೆ ತಂದರು. ಇದು ಸಣ್ಣ ಸಾಧನೆಯಲ್ಲ.

ಬಾಗ್ದಾದಿನ ತತ್ವಜ್ಞಾನಿ ಅಲ್ ಕಿಂದಿ (ಸುಮಾರು ಕ್ರಿ.ಶ. 801–873) ಹೆಸರಿನಲ್ಲಿ ಸುಗಂಧ ದ್ರವ್ಯಗಳ ಮತ್ತು ಬಟ್ಟಿ ಇಳಿಸುವಿಕೆಯ ಬಗ್ಗೆ ಒಂದು ಗ್ರಂಥವಿದೆ. ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳು ಅದರಲ್ಲಿವೆ. ಇಷ್ಟು ತೂಕ ಇದು, ಇಷ್ಟು ಹೊತ್ತು ಬಿಸಿ, ಇಂಥ ಪಾತ್ರೆ ಎಂದು ಅಡುಗೆ ಪುಸ್ತಕದಂತೆ ಬರೆದಿದೆ. ಕುತೂಹಲದ ಸಂಗತಿಯೆಂದರೆ, ಕೀಳು ಲೋಹವನ್ನು ಚಿನ್ನ ಮಾಡುತ್ತೇವೆ ಎನ್ನುವವರ ಮಾತನ್ನು ಇದೇ ಅಲ್ ಕಿಂದಿ ಒಪ್ಪುತ್ತಿರಲಿಲ್ಲ. ಅದರ ವಿರುದ್ಧ ಅವರು ಬರೆದರು. ಮುಂದಿನ ತಲೆಮಾರಿನ ವೈದ್ಯ ಅಬೂಬಕರ್ ಅಲ್ ರಾಝಿ ಅವರಿಗೆ ಖಂಡನೆ ಬರೆದರು. ಆ ವಾದದಲ್ಲಿ ಅಲ್ ಕಿಂದಿಯೇ ಸರಿ ಎಂದು ಇಂದು ನಮಗೆ ಗೊತ್ತು. ಆದರೆ ಪ್ರಯೋಗಶಾಲೆಯನ್ನು ಕಟ್ಟಿ ತೋರಿಸಿದವರು ಸೋತ ಪಕ್ಷದ ಅಲ್ ರಾಝಿ! ಅವರ 'ಕಿತಾಬುಲ್ ಅಸ್ರಾರ್' ಗ್ರಂಥದಲ್ಲಿ ಉಪಕರಣಗಳ ಪಟ್ಟಿಯೇ ಇದೆ. ಕೆಳಗೆ ದ್ರವ ಕಾಯುವ ಬುರುಡೆ, ಅದಕ್ಕೆ ಸೋರೆಕಾಯಿ ಎಂಬ ಅರ್ಥದ ಅರಬಿ ಹೆಸರು. ಅದರ ಮೇಲೆ ಮೂತಿಯಿರುವ ಟೋಪಿಯಂಥ ಅಂಬೀಕ್. ಮೂತಿಯ ತುದಿಯಲ್ಲಿ ಹನಿಗಳನ್ನು ಹಿಡಿಯುವ ಪಾತ್ರೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಇರುವುದು ಗಾಜಿನದು, ಅಷ್ಟೇ ವ್ಯತ್ಯಾಸ.

ಪನ್ನೀರಿನ ವ್ಯಾಪಾರ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಇತಿಹಾಸಕಾರ ಇಬ್ನ್ ಖಲ್ದೂನ್ (1332–1406) ದಾಖಲಿಸಿದ ಒಂದು ಲೆಕ್ಕ ಸಾಕು. ಅಬ್ಬಾಸಿಯ ಖಲೀಫರಿಗೆ ಪ್ರಾಂತ್ಯಗಳಿಂದ ಬರುತ್ತಿದ್ದ ಕಂದಾಯದ ಪಟ್ಟಿಯಲ್ಲಿ ಇರಾನಿನ ಫಾರ್ಸ್ ಪ್ರಾಂತ್ಯದ ಪಾಲು ಹಣವಲ್ಲದೆ 30,000 ಬಾಟಲಿ ಪನ್ನೀರು. ಡಮಾಸ್ಕಸ್ ಬಳಿಯ ಮಿಝ್ಝಾದ ಪನ್ನೀರಿನ ಬಟ್ಟಿಗಳನ್ನು 14ನೇ ಶತಮಾನದ ಆರಂಭದಲ್ಲಿ ಶಂಸುದ್ದೀನ್ ಅಲ್ ದಿಮಶ್ಕಿ ವಿವರವಾಗಿ ಬರೆದಿದ್ದಾರೆ. 12ನೇ ಶತಮಾನದಲ್ಲಿ ಈ ಗ್ರಂಥಗಳು ಲ್ಯಾಟಿನ್ ಭಾಷೆಗೆ ಅನುವಾದವಾಗತೊಡಗಿದವು. ಪಾತ್ರೆಯ ಜೊತೆಗೆ ಪಾತ್ರೆಯ ಹೆಸರೂ ಯುರೋಪಿಗೆ ಹೋಯಿತು. 'ಆಲ್ಕೊಹಾಲ್' ಎಂಬ ಪದ ಹೋದದ್ದೂ ಹೀಗೇ, ಆದರೆ ಅದರ ಪ್ರಯಾಣ ವಿಚಿತ್ರ. 'ಅಲ್ ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ! ನುಣ್ಣಗಿನ ಪುಡಿ ಎಂಬ ಅರ್ಥದಿಂದ ಯಾವುದೇ ವಸ್ತುವಿನ ಸೂಕ್ಷ್ಮ ಸಾರ ಎಂಬ ಅರ್ಥ ಬಂದು, 16ನೇ ಶತಮಾನದ ಯುರೋಪಿನಲ್ಲಿ ದ್ರಾಕ್ಷಾರಸದ ಸಾರಕ್ಕೆ ಆ ಹೆಸರು ಅಂಟಿಕೊಂಡಿತು.

ಈಗ ಕೆಲವು ಮಾತುಗಳನ್ನು ನೇರವಾಗಿ ಹೇಳಬೇಕು. ಜಾಬಿರ್ ಇಬ್ನ್ ಹಯ್ಯಾನ್ 8ನೇ ಶತಮಾನದವರೆಂದು ಪರಂಪರೆ ಹೇಳುತ್ತದೆ. ಅವರ ಹೆಸರಿನಲ್ಲಿರುವ ನೂರಾರು ಬರಹಗಳಲ್ಲಿ ಬಹುಪಾಲು ನಂತರದವರು ಬರೆದು ಸೇರಿಸಿದ್ದೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಯುರೋಪಿನವರು ಓದಿದ 'ಗೇಬರ್'ನ ಪ್ರಸಿದ್ಧ ಲ್ಯಾಟಿನ್ ಗ್ರಂಥವಂತೂ 13ನೇ ಶತಮಾನದಲ್ಲಿ ಯುರೋಪಿನಲ್ಲೇ ಬರೆದದ್ದು. ಜಾಬಿರರ ಬರಹಗಳಲ್ಲಿ 'ಮೀಝಾನ್' ಅಂದರೆ ತಕ್ಕಡಿಯ ಸಿದ್ಧಾಂತವೊಂದಿದೆ. ಅದೇ ಇಂದಿನ ರಾಸಾಯನಿಕ ಸಮತೋಲನ ಎಂದು ಕೆಲವರು ಬರೆಯುವುದುಂಟು. ಆ ಮೀಝಾನ್ ವಸ್ತುಗಳ ಹೆಸರಿನ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಗುಣಗಳನ್ನು ಲೆಕ್ಕ ಹಾಕುವ ವಿಧಾನ. ಹೆಸರು ಮಾತ್ರ ಒಂದೇ. ಇನ್ನು ಹಬೆಯಿಂದ ಬಟ್ಟಿ ಇಳಿಸಿ ಪನ್ನೀರು ತೆಗೆಯುವುದನ್ನು ಇಬ್ನ್ ಸೀನಾ (980–1037) ಕಂಡುಹಿಡಿದರು ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದ ಮಾತು. ಅವರು ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ತೀರಿಕೊಂಡ ಅಲ್ ಕಿಂದಿಯ ಗ್ರಂಥ ನಮ್ಮೆದುರಿಗಿರುವಾಗ ಇದನ್ನು ಹೇಗೆ ಒಪ್ಪುವುದು?

ಇದನ್ನೆಲ್ಲ ಹೇಳಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಯೋಚಿಸಿ ನೋಡಿ. ನಮ್ಮ ಹುಡುಗಿಯೊಬ್ಬಳು ಇಂಥ ಒಂದು ಮಾತನ್ನು ಅಂತರ ಕಾಲೇಜು ಭಾಷಣ ಸ್ಪರ್ಧೆಯಲ್ಲಿ ಹೇಳಿ, ತೀರ್ಪುಗಾರರೊಬ್ಬರು ಎದ್ದು ಆಧಾರ ಕೇಳಿದರೆ ಅವಳ ಗತಿಯೇನು? ಸುಳ್ಳು ಕಲಿಸಿದವರು ಸಭಾಂಗಣದಲ್ಲಿ ಇರುವುದಿಲ್ಲ, ತಲೆ ತಗ್ಗಿಸಿ ನಿಲ್ಲಬೇಕಾದವಳು ಅವಳೊಬ್ಬಳೇ. ಅಲ್ ಕಿಂದಿ, ಅಲ್ ರಾಝಿ ನಿಜವಾಗಿ ಮಾಡಿದ್ದೇ ಬೇಕಾದಷ್ಟಿದೆ. ಅದಕ್ಕೆ ಉಪ್ಪು ಖಾರ ಸೇರಿಸಬೇಕಾಗಿಲ್ಲ.

ಅಸ್ಮತ್ ಬೇಗಂ ಕಂಡ ಎಣ್ಣೆ

ನಮ್ಮ ದೇಶಕ್ಕೆ ಬರೋಣ. ಜಹಾಂಗೀರ್ ಬಾದಶಹನ ಆತ್ಮಕಥೆ 'ತುಝುಕೆ ಜಹಾಂಗೀರಿ'ಯಲ್ಲಿ, ಆಳ್ವಿಕೆಯ 9ನೇ ವರ್ಷದ (1614) ವೃತ್ತಾಂತದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ನೂರ್ ಜಹಾನಳ ತಾಯಿ ಅಸ್ಮತ್ ಬೇಗಂ ಪನ್ನೀರು ತಯಾರಿಸುತ್ತಿದ್ದರು. ಬಿಸಿ ಪನ್ನೀರನ್ನು ಹೂಜಿಯಿಂದ ಅಗಲ ತಟ್ಟೆಗಳಿಗೆ ಸುರಿದಾಗ ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟುವುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ಕಸವೆಂದು ತೆಗೆದು ಎಸೆಯುತ್ತಿದ್ದರೇನೋ. ಈ ತಾಯಿ ಅದನ್ನು ಸ್ವಲ್ಪ ಸ್ವಲ್ಪವಾಗಿ ಒಟ್ಟು ಮಾಡಿದರು. ಅದರ ಒಂದು ಹನಿಯನ್ನು ಅಂಗೈಗೆ ಹಚ್ಚಿದರೆ ಇಡೀ ಸಭೆ ಘಮಘಮಿಸುತ್ತಿತ್ತು. ಬಾದಶಹ ಮೆಚ್ಚಿ ಮುತ್ತಿನ ಹಾರ ಕೊಟ್ಟ. ಅಲ್ಲೇ ಇದ್ದ ಸಲೀಮಾ ಸುಲ್ತಾನ್ ಬೇಗಂ ಅದಕ್ಕೆ 'ಇತ್ರೆ ಜಹಾಂಗೀರಿ' ಎಂದು ಹೆಸರಿಟ್ಟರು. ಕಂಡುಹಿಡಿದವರು ಒಬ್ಬ ಮಹಿಳೆ, ಹೆಸರಿಟ್ಟವರು ಇನ್ನೊಬ್ಬ ಮಹಿಳೆ, ಹೆಸರು ಮಾತ್ರ ಬಾದಶಹನದ್ದು! ಗುಲಾಬಿ ಎಣ್ಣೆ ಅದಕ್ಕೂ ಮೊದಲು ಬೇರೆ ಕಡೆ ಗೊತ್ತಿದ್ದಿರಬಹುದು. ಆದರೆ ಅಸ್ಮತ್ ಬೇಗಂ ತಮ್ಮ ಕಣ್ಣಿನಿಂದ ಕಂಡು, ತಮ್ಮ ಕೈಯಿಂದ ತೆಗೆದದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಉತ್ತರ ಪ್ರದೇಶದ ಕನ್ನೌಜ್ ಪಟ್ಟಣದಲ್ಲಿ ಇಂದಿಗೂ ಅತ್ತರನ್ನು ಹಳೆಯ ರೀತಿಯಲ್ಲೇ ಇಳಿಸುವವರಿದ್ದಾರೆ. ತಾಮ್ರದ 'ದೇಗ್'ನಲ್ಲಿ ಹೂವು ಮತ್ತು ನೀರು, ಕೆಳಗೆ ಸೌದೆ ಒಲೆ. ಮುಚ್ಚಳದ ಸಂದಿಗೆ ಜೇಡಿಮಣ್ಣು. ಅಲ್ಲಿಂದ ಬಿದಿರಿನ ಕೊಳವೆ, ಅದರ ತುದಿಗೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟ 'ಭಪ್ಕಾ' ಎಂಬ ಉದ್ದ ಕುತ್ತಿಗೆಯ ಪಾತ್ರೆ. ಭಪ್ಕಾದಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ, ಬರುವ ಪರಿಮಳವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಬೆಂಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕುಶಲ ಕೆಲಸಗಾರ ಪಾತ್ರೆ ಮುಟ್ಟಿ, ಒಳಗಿನ ಸದ್ದು ಕೇಳಿ ತಿಳಿಯುತ್ತಾನೆ. ಅವನ ಬಳಿ ಥರ್ಮಾಮೀಟರ್ ಇಲ್ಲ.

ಆದರೆ ಈಗ ಒಂದು ಪ್ರಶ್ನೆ ಕೇಳುತ್ತೇನೆ. ಗುಲಾಬಿ ಎಣ್ಣೆಯಲ್ಲಿರುವ ಜೆರಾನಿಯಾಲ್ ಎಂಬ ವಸ್ತು ಕುದಿಯುವುದು ಸುಮಾರು 230 ಡಿಗ್ರಿಗೆ. ದೇಗ್‌ನಲ್ಲಿ ನೀರು ಇರುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ. 230 ಡಿಗ್ರಿಯ ವಸ್ತು 100 ಡಿಗ್ರಿಯಲ್ಲಿ ಹೇಗೆ ಹಾರಿ ಬರುತ್ತದೆ? ಅಲ್ ಕಿಂದಿಗೂ ಅಸ್ಮತ್ ಬೇಗಂಗೂ ಇದರ ಉತ್ತರ ಗೊತ್ತಿರಲಿಲ್ಲ. ಸಾವಿರ ವರ್ಷ ಕೈಗಳಿಗೆ ಗೊತ್ತಿದ್ದ ವಿದ್ಯೆಯ ಕಾರಣ ಯಾರ ತಲೆಗೂ ಹೊಳೆದಿರಲಿಲ್ಲ.

ನೇಕಾರನ ಮಗನ ಉತ್ತರ

ಉತ್ತರದ ಮೊದಲ ತುಣುಕು ಸಿಕ್ಕಿದ್ದು 1801ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ. ಅದನ್ನು ಕೊಟ್ಟವನು ಜಾನ್ ಡಾಲ್ಟನ್. ಈತನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮಂಥ ಸಂಸ್ಥೆಯ ಸದಸ್ಯರು ತಿಳಿದಿರಬೇಕಾದ ಸಂಗತಿ ಇದರಲ್ಲಿದೆ. 1766ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿದ ಡಾಲ್ಟನ್ ನೇಕಾರನ ಮಗ. ಕ್ವೇಕರ್ ಎಂಬ ಸಣ್ಣ ಅಲ್ಪಸಂಖ್ಯಾತ ಪಂಥಕ್ಕೆ ಸೇರಿದವನು. ಆ ಕಾಲದಲ್ಲಿ ರಾಜಚರ್ಚಿನ ಸದಸ್ಯರಲ್ಲದವರಿಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ಪದವಿಯ ಬಾಗಿಲು ಮುಚ್ಚಿತ್ತು. ಡಾಲ್ಟನ್ 12ನೇ ವಯಸ್ಸಿಗೇ ಹಳ್ಳಿಯ ಕ್ವೇಕರ್ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದ. 1793ರಲ್ಲಿ ಮ್ಯಾಂಚೆಸ್ಟರಿನ ನ್ಯೂ ಕಾಲೇಜಿಗೆ ಅಧ್ಯಾಪಕನಾಗಿ ಹೋದ. ಅದು ಹೀಗೆ ಹೊರಗೆ ನಿಂತ ಪಂಥಗಳವರೇ ತಮ್ಮ ಮಕ್ಕಳಿಗಾಗಿ ನಡೆಸುತ್ತಿದ್ದ ವಿದ್ಯಾಸಂಸ್ಥೆ. ಯಾರೂ ನಮ್ಮನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಕೊರಗುತ್ತ ಕೂರದೆ ಕಟ್ಟಿಕೊಂಡ ಶಾಲೆ ಅದು.

ಡಾಲ್ಟನ್ನನ ಪ್ರಯೋಗ ಸರಳ. ಪಾದರಸ ತುಂಬಿದ ಬಾರೋಮೀಟರ್ ಕೊಳವೆಯಲ್ಲಿ, ಪಾದರಸದ ಮೇಲಿನ ಖಾಲಿ ಜಾಗಕ್ಕೆ ಒಂದು ಹನಿ ನೀರು ಬಿಡುವುದು, ಬೇರೆ ಬೇರೆ ಬಿಸಿಯಲ್ಲಿ ಪಾದರಸ ಎಷ್ಟು ಕೆಳಗಿಳಿಯಿತೆಂದು ನೋಡುವುದು. ಇದರಿಂದ ಅವನು ಆವಿಯೊತ್ತಡದ ಪಟ್ಟಿ ತಯಾರಿಸಿದ. ಮುಖ್ಯ ಸಂಗತಿ ಇನ್ನೊಂದು. ಗಾಳಿ ಇರಲಿ, ಇಲ್ಲದಿರಲಿ, ನೀರಿನ ಆವಿ ತನ್ನ ಪಾಲಿನ ಒತ್ತಡವನ್ನು ತಾನು ಕೊಟ್ಟೇ ಕೊಡುತ್ತದೆ. ಒಂದೇ ಪಾತ್ರೆಯಲ್ಲಿರುವ ಹಲವು ಅನಿಲಗಳು ಪರಸ್ಪರ ಇಲ್ಲವೆಂಬಂತೆ ತಮ್ಮ ತಮ್ಮ ಒತ್ತಡ ಕೊಡುತ್ತವೆ, ಒಟ್ಟು ಒತ್ತಡ ಅವುಗಳ ಮೊತ್ತ. ಇದೇ ನೀವು ಓದುವ ಭಾಗಶಃ ಒತ್ತಡದ ನಿಯಮ. ಎರಡು ವರ್ಷದ ನಂತರ, 1803ರಲ್ಲಿ, ಅದೇ ಊರಿನ ಅವನ ಸ್ನೇಹಿತ ವಿಲಿಯಂ ಹೆನ್ರಿ, ನೀರಿನಲ್ಲಿ ಅನಿಲ ಕರಗುವುದಕ್ಕೆ ನಿಯಮ ಕೊಟ್ಟ. ಸೋಡಾ ಬಾಟಲಿ ತೆರೆದಾಗ ಬುಸ್ಸೆನ್ನುವುದು ಹೆನ್ರಿಯ ನಿಯಮವೇ.

ಪನ್ನೀರಿನ ಒಗಟು ಈಗ ಬಿಡಿಸೋಣ. ನೀರು ಮತ್ತು ಗುಲಾಬಿ ಎಣ್ಣೆ ಬೆರೆಯುವುದಿಲ್ಲ. ಬೆರೆಯದ ಎರಡು ದ್ರವಗಳು ಒಂದೇ ಪಾತ್ರೆಯಲ್ಲಿದ್ದರೆ ಪ್ರತಿಯೊಂದೂ ಒಂಟಿಯಾಗಿದ್ದಾಗ ಕೊಡುವಷ್ಟೇ ಆವಿಯೊತ್ತಡ ಕೊಡುತ್ತದೆ. 100 ಡಿಗ್ರಿಯ ಹತ್ತಿರ ನೀರಿನದು ಸುಮಾರು 750 ಮಿಲಿಮೀಟರಿನ ಮೇಲೆ, ಎಣ್ಣೆಯದು ಕೆಲವೇ ಮಿಲಿಮೀಟರ್. ಎರಡೂ ಕೂಡಿ 760 ಆದ ತಕ್ಷಣ ಪಾತ್ರೆ ಕುದಿಯುತ್ತದೆ. ಎಣ್ಣೆ 230 ಡಿಗ್ರಿ ಮುಟ್ಟಬೇಕಾಗಿಯೇ ಇಲ್ಲ, ನೀರಿನ ಹೆಗಲೇರಿ 100ಕ್ಕಿಂತ ತುಸು ಕಡಿಮೆಯಲ್ಲೇ ಹೊರಗೆ ಬರುತ್ತದೆ. ಬರುವ ಪ್ರಮಾಣ ಬಹಳ ಸ್ವಲ್ಪ, ಆದ್ದರಿಂದಲೇ ಅತ್ತರಿಗೆ ಅಷ್ಟು ಬೆಲೆ. ನೇರ ಬೆಂಕಿಯಲ್ಲಿ ಎಣ್ಣೆಯನ್ನೇ ಕಾಯಿಸಿದ್ದರೆ ಪರಿಮಳ ಸುಟ್ಟು ಹೋಗುತ್ತಿತ್ತು. ಇನ್ನೊಂದು ವಿಚಾರ: ಗುಲಾಬಿಯ ಪರಿಮಳದಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂಬ ವಸ್ತುವೂ ಇದೆ. ಇದು ಎಣ್ಣೆಯ ಜೊತೆ ಮೇಲೆ ತೇಲುವ ಬದಲು ಹೆಚ್ಚಾಗಿ ನೀರಿನಲ್ಲೇ ಕರಗಿ ಉಳಿಯುತ್ತದೆ. ಪನ್ನೀರಿನ ವಾಸನೆ ಮತ್ತು ಗುಲಾಬಿ ಅತ್ತರಿನ ವಾಸನೆ ಬೇರೆ ಬೇರೆ ಏಕೆಂದು ಯಾರಾದರೂ ಕೇಳಿದರೆ ಇನ್ನು ನೀವು ಉತ್ತರಿಸಬಲ್ಲಿರಿ.

ಬೆರೆಯುವ ದ್ರವಗಳ ಮಾತು ಬೇರೆ. ಬೆಂಝೀನ್ ಮತ್ತು ಟಾಲೂಯೀನ್ ಒಂದರೊಳಗೊಂದು ಸಂಪೂರ್ಣ ಬೆರೆಯುತ್ತವೆ. ಅಲ್ಲಿ ಒಂದರ ಅಣುಗಳು ಮೇಲ್ಮೈಯಲ್ಲಿ ಇನ್ನೊಂದರ ಜಾಗವನ್ನು ಆಕ್ರಮಿಸಿರುತ್ತವೆ, ಆದ್ದರಿಂದ ಹಾರಿಹೋಗುವವುಗಳ ಸಂಖ್ಯೆ ಕಡಿಮೆಯಾಗುತ್ತದೆ. ಎಷ್ಟು ಕಡಿಮೆ? ಫ್ರಾನ್ಸಿನ ಗ್ರೆನೋಬಲ್ ವಿಶ್ವವಿದ್ಯಾಲಯದ ಫ್ರಾನ್ಸ್ವಾ ಮರಿ ರೌಲ್ಟ್ (ಫ್ರೆಂಚರು 'ರಾವೂಲ್' ಎನ್ನುತ್ತಾರೆ) ತಾಳ್ಮೆಯಿಂದ ಅಳೆದು 1887ರಲ್ಲಿ ನಿಯಮ ಕೊಟ್ಟ. ದ್ರವದ ಮಿಶ್ರಣದಲ್ಲಿ ಒಂದು ವಸ್ತುವಿನ ಅಣುಗಳ ಪಾಲು ಎಷ್ಟೋ, ಅದರ ಆವಿಯೊತ್ತಡವೂ ಶುದ್ಧವಾಗಿದ್ದಾಗ ಇದ್ದುದರ ಅಷ್ಟೇ ಪಾಲು. ಅದಕ್ಕೂ ಮೊದಲು, 1881ರಲ್ಲಿ, ರಷ್ಯದ ದ್ಮಿತ್ರಿ ಕೊನೊವಾಲೊವ್ ಇನ್ನೊಂದು ಮಾತನ್ನು ಪ್ರಯೋಗದಿಂದ ತೋರಿಸಿದ್ದ: ಯಾವ ವಸ್ತುವನ್ನು ಹೆಚ್ಚಿಸಿದರೆ ಒಟ್ಟು ಆವಿಯೊತ್ತಡ ಏರುತ್ತದೋ, ಆ ವಸ್ತುವಿನ ಪಾಲು ದ್ರವಕ್ಕಿಂತ ಆವಿಯಲ್ಲಿ ಹೆಚ್ಚಿರುತ್ತದೆ. ಬಟ್ಟಿ ಇಳಿಸುವುದರ ಗುಟ್ಟೆಲ್ಲ ಈ ಒಂದು ವಾಕ್ಯದಲ್ಲಿದೆ.

ಇವೆಲ್ಲವನ್ನೂ ಒಂದೇ ಚೌಕಟ್ಟಿಗೆ ತಂದವನು ಅಮೆರಿಕದ ಜೋಸಯ್ಯ ವಿಲ್ಲಾರ್ಡ್ ಗಿಬ್ಸ್. ಉಷ್ಣಬಲ ವಿಜ್ಞಾನದ, ಅಂದರೆ ಥರ್ಮೋಡೈನಮಿಕ್ಸ್‌ನ, ಈ ಮಹಾಪ್ರಬಂಧ 1876 ಮತ್ತು 1878ರಲ್ಲಿ ಎರಡು ಕಂತುಗಳಲ್ಲಿ ಅಚ್ಚಾಯಿತು. ಎಲ್ಲಿ ಗೊತ್ತೇ? ಕನೆಕ್ಟಿಕಟ್ ಎಂಬ ಸಣ್ಣ ರಾಜ್ಯದ ಒಂದು ಸ್ಥಳೀಯ ವಿದ್ವತ್ ಸಂಘದ ಪತ್ರಿಕೆಯಲ್ಲಿ. ಸುಮಾರು 300 ಪುಟ, ತುಂಬ ಗಣಿತ. ಮುದ್ರಣದ ಖರ್ಚಿಗೆ ಊರಿನ ಅಧ್ಯಾಪಕರಿಂದ, ವರ್ತಕರಿಂದ ಚಂದಾ ಎತ್ತಬೇಕಾಯಿತು. ಸಂಘದವರಿಗೇ ಅದು ಅರ್ಥವಾಗಿರಲಿಲ್ಲ, ಮನುಷ್ಯನ ಮೇಲಿನ ನಂಬಿಕೆಯಿಂದ ಅಚ್ಚು ಹಾಕಿದರು! ಗಿಬ್ಸ್ ಹೇಳಿದ್ದು ಹೀಗೆ: ಆವಿ ಮತ್ತು ದ್ರವ ಸಮತೋಲನದಲ್ಲಿ ಇರಬೇಕಾದರೆ ಎರಡರ ಬಿಸಿಯೂ ಒತ್ತಡವೂ ಸಮವಾಗಿರಬೇಕು, ಜೊತೆಗೆ ಪ್ರತಿಯೊಂದು ವಸ್ತುವಿನ 'ರಾಸಾಯನಿಕ ವಿಭವ' ಎರಡೂ ಕಡೆ ಸಮವಾಗಿರಬೇಕು. ಎತ್ತರದ ನೀರು ತಗ್ಗಿಗೆ ಹರಿಯುವಂತೆ, ವಸ್ತು ಹೆಚ್ಚು ವಿಭವದ ಕಡೆಯಿಂದ ಕಡಿಮೆ ವಿಭವದ ಕಡೆಗೆ ಹೋಗುತ್ತದೆ. ಸಮವಾದಾಗ ಒಟ್ಟು ಹರಿವು ನಿಲ್ಲುತ್ತದೆ. ಆತನ ಸ್ಥಿತಿ ನಿಯಮವೂ ಇಲ್ಲೇ ಇದೆ: ನಾವು ಇಷ್ಟಬಂದಂತೆ ಬದಲಿಸಬಹುದಾದ ಅಂಶಗಳು ಎಷ್ಟೆಂದರೆ, ಘಟಕಗಳ ಸಂಖ್ಯೆಯಿಂದ ಸ್ಥಿತಿಗಳ ಸಂಖ್ಯೆಯನ್ನು ಕಳೆದು 2 ಕೂಡಿಸಿದಷ್ಟು. ಬರೀ ನೀರು ಮತ್ತು ಅದರ ಆವಿಗೆ 1 − 2 + 2, ಅಂದರೆ ಒಂದೇ. ಒತ್ತಡ ನಿಗದಿಯಾದರೆ ಕುದಿಯುವ ಬಿಸಿಯೂ ನಿಗದಿಯಾಗಿಯೇಬಿಡುತ್ತದೆ. ಮಡಿಕೇರಿಯಲ್ಲಿ ಎಷ್ಟೇ ಸೌದೆ ಉರಿಸಿದರೂ ತೆರೆದ ಪಾತ್ರೆಯ ನೀರು 96 ದಾಟದಿರುವುದು ಈ ಲೆಕ್ಕದಿಂದಲೇ.

ನಿಯಮ ಪಾಲಿಸದ ಮಿಶ್ರಣಗಳೂ ಇವೆ. ರೌಲ್ಟನ ನಿಯಮ ಒಂದೇ ಬಗೆಯ ಅಣುಗಳಿಗೆ ಚೆನ್ನಾಗಿ ಹೊಂದುತ್ತದೆ, ನೀರು ಮತ್ತು ಆಲ್ಕೊಹಾಲಿನಂಥ ಜೋಡಿಗೆ ಹೊಂದುವುದಿಲ್ಲ. ತೂಕದಲ್ಲಿ ಸುಮಾರು 95.6 ಶೇಕಡ ಆಲ್ಕೊಹಾಲ್ ಇರುವ ಮಿಶ್ರಣ 78.2 ಡಿಗ್ರಿಗೆ ಕುದಿಯುತ್ತದೆ, ಅದರ ಆವಿಯಲ್ಲೂ 95.6 ಶೇಕಡವೇ ಇರುತ್ತದೆ. ಆವಿಯೂ ದ್ರವವೂ ಒಂದೇ ಆದ ಮೇಲೆ ಎಷ್ಟು ಸಲ ಬಟ್ಟಿ ಇಳಿಸಿದರೂ ಪ್ರಯೋಜನವಿಲ್ಲ. ಇಂಥ ಮಿಶ್ರಣಕ್ಕೆ 'ಅಜಿಯೋಟ್ರೋಪ್' ಎಂದು 1911ರಲ್ಲಿ ವೇಡ್ ಮತ್ತು ಮೆರಿಮನ್ ಹೆಸರಿಟ್ಟರು. ಮದ್ಯ ನಮಗೆ ನಿಷಿದ್ಧ, ಆದರೆ ಆಸ್ಪತ್ರೆಯ ಸ್ಪಿರಿಟ್ಟೂ ಪ್ರಯೋಗಾಲಯದ ದ್ರಾವಕವೂ ಇದೇ ವಸ್ತುವಾದ್ದರಿಂದ ಇದನ್ನು ತಿಳಿಯದೆ ವಿಧಿಯಿಲ್ಲ.

ನಮ್ಮ ನಾಡಿನಲ್ಲಿ ಈ ವಿಜ್ಞಾನ ಕೆಲಸಕ್ಕೆ ಬಂದ ಒಂದು ಉದಾಹರಣೆ ಶ್ರೀಗಂಧದ್ದು. 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ್ದರು. ಮುಂದೆ ಮೈಸೂರು ಸರ್ಕಾರ ಮರವನ್ನು ಹರಾಜು ಹಾಕುತ್ತಿತ್ತು, ಎಣ್ಣೆ ತೆಗೆಯುತ್ತಿದ್ದದ್ದು ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ಮಾರುಕಟ್ಟೆ ಮುಚ್ಚಿತು, ಮರದ ರಾಶಿ ಇಲ್ಲೇ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಇಲ್ಲಿಯೇ ಎಣ್ಣೆ ಇಳಿಸಬಹುದೆಂದು ಮಾಡಿ ತೋರಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಉದ್ಯಮ ಆರಂಭವಾಯಿತು. ಶ್ರೀಗಂಧದ ಸಾಂಟಲಾಲ್ ಕುದಿಯುವುದು 300 ಡಿಗ್ರಿಯ ಸುಮಾರಿಗೆ. ಹಬೆ ಹಾಯಿಸಿ ದಿನಗಟ್ಟಲೆ ಕಾದು ಅದನ್ನು ಇಳಿಸುತ್ತಾರೆ. ಕನ್ನೌಜಿನ ದೇಗ್‌ನ ತತ್ವವೇ, ಆದರೆ ಒತ್ತಡದ ಮಾಪಕ ಮತ್ತು ಲೆಕ್ಕದ ಪುಸ್ತಕದ ಸಮೇತ. ಕಾರಣ ಗೊತ್ತಿದ್ದವನು ಹೊಸ ವಸ್ತುವಿಗೆ ಹೊಸ ಬಟ್ಟಿಯನ್ನು ಬೇಗ ಕಟ್ಟಬಲ್ಲ, ಕೈ ಮಾತ್ರ ಪಳಗಿದವನು ಹೂವಿನ ಬದಲು ಮರ ಬಂದರೆ ಮೊದಲಿನಿಂದ ಕಲಿಯಬೇಕು.

ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರು ಕೊಲ್ಲಿ ರಾಷ್ಟ್ರಗಳ ತೈಲ ಸಂಸ್ಕರಣಾಗಾರಗಳಲ್ಲಿ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. ಮಂಗಳೂರಿನಲ್ಲೂ 1996ರಿಂದ ಸಂಸ್ಕರಣಾಗಾರವಿದೆ. ಅಲ್ಲಿ ಆಕಾಶಕ್ಕೆ ನಿಂತ ಎತ್ತರದ ಕಬ್ಬಿಣದ ಗೋಪುರಗಳನ್ನು ನೀವು ನೋಡಿರಬಹುದು. ಒಳಗೆ ಒಂದರ ಮೇಲೊಂದು ತಟ್ಟೆಗಳಿರುತ್ತವೆ. ಕೆಳಗಿನ ತಟ್ಟೆಯ ಆವಿ ಮೇಲಿನ ತಟ್ಟೆಯ ದ್ರವದೊಳಗೆ ನುಗ್ಗಿ ತಣಿಯುತ್ತದೆ, ಅಲ್ಲಿಂದ ಹೊಸ ಆವಿ ಏಳುತ್ತದೆ. ಪ್ರತಿ ತಟ್ಟೆಯೂ ಒಂದು ಅಂಬೀಕ್ ಎಂದು ತಿಳಿಯಿರಿ. ಎಷ್ಟು ತಟ್ಟೆ ಬೇಕೆಂದು ಕಾಗದದ ಮೇಲೆ ಮೆಟ್ಟಿಲು ಎಳೆದು ಕಂಡುಹಿಡಿಯುವ ವಿಧಾನವನ್ನು 1925ರಲ್ಲಿ ಅಮೆರಿಕದ ಮೆಕ್‌ಕೇಬ್ ಮತ್ತು ಥೀಲೆ ಕೊಟ್ಟರು.

ಅದನ್ನು ನೀವೇ ಮಾಡಿ ನೋಡಬಹುದು. 100 ಡಿಗ್ರಿಯಲ್ಲಿ ಬೆಂಝೀನಿನ ಆವಿಯೊತ್ತಡ 1350 ಮಿಲಿಮೀಟರ್, ಟಾಲೂಯೀನಿನದು 556. ಇವೆರಡರ ಯಾವ ಮಿಶ್ರಣ ಸರಿಯಾಗಿ 100 ಡಿಗ್ರಿಗೆ ಕುದಿಯುತ್ತದೆ? ರೌಲ್ಟನ ನಿಯಮದಿಂದ ಲೆಕ್ಕ ಹಾಕಿ: 760ರಿಂದ 556 ಕಳೆದರೆ 204, 1350ರಿಂದ 556 ಕಳೆದರೆ 794. 204ನ್ನು 794ರಿಂದ ಭಾಗಿಸಿದರೆ 0.257. ಅಂದರೆ ದ್ರವದಲ್ಲಿ ನೂರಕ್ಕೆ ಸುಮಾರು 26 ಅಣುಗಳು ಬೆಂಝೀನಿನವು. ಇನ್ನು ಆವಿಯಲ್ಲಿ? 0.257ನ್ನು 1350ರಿಂದ ಗುಣಿಸಿ 760ರಿಂದ ಭಾಗಿಸಿ, ಸುಮಾರು 0.46 ಬರುತ್ತದೆ. ಒಂದೇ ಸಲ ಇಳಿಸಿದ್ದಕ್ಕೆ 26 ಇದ್ದದ್ದು 46 ಆಯಿತು. ಆ ಆವಿಯನ್ನು ತಣಿಸಿ ಮತ್ತೆ ಕುದಿಸಿದರೆ 67ರ ಆಸುಪಾಸು, ಮತ್ತೊಮ್ಮೆ ಮಾಡಿದರೆ 83. ಬಿಸಿ ಬದಲಾಗುತ್ತ ಹೋಗುವುದರಿಂದ ಪ್ರತಿ ಸಲ ಆವಿಯೊತ್ತಡದ ಪಟ್ಟಿ ನೋಡಬೇಕು. ಪಟ್ಟಿ ಕೈಯಲ್ಲಿಲ್ಲದಿದ್ದರೆ ಈ ಅಂದಾಜು ಸೂತ್ರ ಸಾಕು: ದ್ರವದಲ್ಲಿನ ಪಾಲನ್ನು 2.5ರಿಂದ ಗುಣಿಸಿ, ಅದನ್ನು '1 ಕೂಡಿಸು 1.5 ಗುಣಿಸು ದ್ರವದಲ್ಲಿನ ಪಾಲು' ಎಂಬುದರಿಂದ ಭಾಗಿಸಿ. ಒಂದು ಗ್ರಾಫ್ ಹಾಳೆ ತೆಗೆದುಕೊಂಡು ಅಡ್ಡಕ್ಕೆ ದ್ರವದ ಪಾಲು, ಉದ್ದಕ್ಕೆ ಆವಿಯ ಪಾಲು ಹಾಕಿ ಗೆರೆ ಎಳೆಯಿರಿ. ಮೂಲೆಯಿಂದ ಮೂಲೆಗೆ ಇನ್ನೊಂದು ನೇರ ಗೆರೆ ಎಳೆಯಿರಿ. 0.26ರಿಂದ ಹೊರಟು ಎರಡು ಗೆರೆಗಳ ನಡುವೆ ಮೆಟ್ಟಿಲು ಹತ್ತುತ್ತ ಹೋಗಿ. ಐದನೆಯ ಮೆಟ್ಟಿಲಿಗೆ ನೀವು 0.95 ದಾಟಿರುತ್ತೀರಿ.